ಅಂಗಡಿಯ ಹಣೆಬರಹ



ಅಂಗಡಿ ತೆರೆಯುವವರು ಮೊದಲು ನೋಡುವುದು ಜಾಗ, ಆಮೇಲೆ ಬಂಡವಾಳ, ಆಮೇಲೆ ಮುಹೂರ್ತ. ಬೋರ್ಡಿನ ಮಾತು ಬರುವುದು ಇವೆಲ್ಲ ಮುಗಿದ ಮೇಲೆ. ಪೂಜೆಗೆ ಎರಡು ದಿನ ಉಳಿದಿರುವಾಗ ಫ್ಲೆಕ್ಸ್ ಅಂಗಡಿಗೆ ಹೋಗಿ, ಮನೆದೇವರ ಹೆಸರನ್ನೋ ಮಗಳ ಹೆಸರನ್ನೋ ಹೇಳಿ, ಅಳತೆ ಕೊಟ್ಟು ಬಂದರೆ ಕೆಲಸ ಮುಗಿಯಿತು ಎಂಬುದು ಸಾಮಾನ್ಯ ಭಾವನೆ. ಆದರೆ ಕಾನೂನಿನ ಕಣ್ಣಿಗೆ ಆ ಬೋರ್ಡು ಅಷ್ಟು ಸಣ್ಣ ವಸ್ತುವಲ್ಲ. ಅದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಈ ಜಾಗದಲ್ಲಿ ವ್ಯಾಪಾರಕ್ಕೆ ಅವಕಾಶವಿದೆಯೇ? ಇದು ಅಂಗಡಿಯ ಹೆಸರೋ, ಜಾಹೀರಾತೋ? ಗಾಳಿ ಬೀಸಿದರೆ ಯಾರ ತಲೆಯ ಮೇಲಾದರೂ ಬೀಳುತ್ತದೆಯೇ? ಬರೆದದ್ದು ಯಾವ ಭಾಷೆಯಲ್ಲಿದೆ?

ವಿಚಿತ್ರವೆಂದರೆ ಈ ನಾಲ್ಕೂ ಪ್ರಶ್ನೆಗಳನ್ನು ಕೇಳುವ ಕಚೇರಿ ಒಂದೇ ಅಲ್ಲ. ಜಾಗದ ಪ್ರಶ್ನೆ ಯೋಜನಾ ಪ್ರಾಧಿಕಾರದ್ದು, ಲೈಸೆನ್ಸಿನ ಪ್ರಶ್ನೆ ಪಂಚಾಯಿತಿ ಅಥವಾ ಪಾಲಿಕೆಯದ್ದು, ಭಾಷೆಯ ಪ್ರಶ್ನೆಗೆ ಮತ್ತೊಂದು ಕಾಯ್ದೆ. ಹಣೆಬರಹವನ್ನು ಬರೆಯುವವನು ಒಬ್ಬ, ಅನುಭವಿಸುವವನು ಇನ್ನೊಬ್ಬ. ಬೋರ್ಡಿನ ವಿಷಯದಲ್ಲೂ ಹಾಗೆಯೇ. ನಿಯಮಗಳು ಬೇರೆ ಬೇರೆ ಕಡೆ ಹುಟ್ಟುತ್ತವೆ. ಅವೆಲ್ಲ ಬಂದು ಸೇರುವುದು ಒಂದು ಸಣ್ಣ ಅಂಗಡಿಯ ಹಣೆಯ ಮೇಲೆ.

ಬಾಗಲೂರಿನಂಥ ಊರಿಗೆ ಇದು ದೂರದ ಸಂಗತಿಯಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ ಮೇಲೆ ಯಲಹಂಕದಿಂದ ಈಚೆಗಿನ ಹಳ್ಳಿಗಳ ಮುಖವೇ ಬದಲಾಯಿತು. ರಾಗಿ ಹೊಲಗಳ ನಡುವೆ ಲೇಔಟುಗಳು ಬಂದವು. ಅವುಗಳ ಹಿಂದೆ ಬೇಕರಿ, ಮೆಡಿಕಲ್ ಸ್ಟೋರು, ಹಾರ್ಡ್‌ವೇರ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿಗಳು ಬಂದವು. ಹಳ್ಳಿ ನಗರವಾಗುವ ಸುದ್ದಿಯನ್ನು ಮೊದಲು ಸಾರುವುದು ಈ ಬೋರ್ಡುಗಳೇ.

ಪೇಟೆಯೇ ಫಲಕವಾಗಿದ್ದ ಕಾಲ

ಬೋರ್ಡು ಹೊಸದಾದರೂ ಅದರ ಹಿಂದಿನ ವಿಚಾರ ಹಳೆಯದು. ಮಧ್ಯಯುಗದ ದಕ್ಷಿಣ ಭಾರತದಲ್ಲಿ ಹೆಸರಾಗಿದ್ದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘಕ್ಕೆ ಗುಡ್ಡಧ್ವಜವೆಂಬ ತನ್ನದೇ ಲಾಂಛನವಿತ್ತು. ಕನ್ನಡ ಶಾಸನಗಳಲ್ಲಿ ಅಂಗಡಿದೆರೆ, ಗಾಣದೆರೆ, ಮಗ್ಗದೆರೆ ಎಂಬ ಮಾತುಗಳು ಬರುತ್ತವೆ. ಅಂದರೆ ಅಂಗಡಿಗೆ ತೆರಿಗೆ ಹಾಕುವ ಪದ್ಧತಿ ಇಂದಿನ ಪಾಲಿಕೆಗಳು ಹುಟ್ಟುಹಾಕಿದ್ದಲ್ಲ.

ದಾರಿಹೋಕರು ಓದಲೆಂದು ಬರಹವನ್ನು ನಿಲ್ಲಿಸುವ ಪದ್ಧತಿಯೂ ಈ ಸೀಮೆಗೆ ಹೊಸದಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಕಿತ್ತಯ್ಯ ಎಂಬ ವೀರನ ಮರಣವನ್ನು ಸಾರುತ್ತದೆ. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಶಾಸನ ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು. ಊರಿನ ಮುಂದೆ ನಿಂತು, ಊರಿನ ಭಾಷೆಯಲ್ಲಿ, ಊರಿಗೆ ಬೇಕಾದ ಸುದ್ದಿಯನ್ನು ಹೇಳುವುದು ಅದರ ಕೆಲಸವಾಗಿತ್ತು.

ಅಂಗಡಿಯ ವಿಷಯಕ್ಕೆ ಬಂದರೆ, ಕೆಂಪೇಗೌಡರ ಬೆಂಗಳೂರಿನಲ್ಲಿ ಬೀದಿಯ ಹೆಸರೇ ಬೋರ್ಡಾಗಿತ್ತು. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದರೆ ಸಾಕು, ಅಲ್ಲಿ ಏನು ಸಿಗುತ್ತದೆಂದು ಬೇರೆ ಹೇಳಬೇಕಿರಲಿಲ್ಲ. ಇಡೀ ಬೀದಿ ಅರಳೆ ಮಾರುವಾಗ ‘ಇಲ್ಲಿ ಅರಳೆ ದೊರೆಯುತ್ತದೆ’ ಎಂದು ಬರೆಯುವವರು ಯಾರು? ಸರಕೇ ಸಾಕ್ಷಿ, ವರ್ತಕನ ಮುಖವೇ ಗುರುತು. ಇಂದು ವಲಯ ನಿಯಮ ಎನ್ನುತ್ತೇವಲ್ಲ, ಅದರ ಹಳೆಯ ರೂಪ ಇದು. ಕುಂಬಾರರ ಒಲೆಯ ಹೊಗೆ ಒಂದು ಕಡೆ, ಗಾಣದ ಸದ್ದು ಇನ್ನೊಂದು ಕಡೆ. ಕಸುಬಿನೊಂದಿಗೆ ಜಾತಿಯೂ ಬೆರೆತಿದ್ದರಿಂದ ಆ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಬೇಕಿಲ್ಲ. ಆದರೆ ಯಾವ ಕಸುಬು ಎಲ್ಲಿರಬೇಕು ಎಂಬ ಪ್ರಶ್ನೆ ನಗರದಷ್ಟೇ ಹಳೆಯದು ಎಂಬುದನ್ನು ಅದು ತೋರಿಸುತ್ತದೆ.

ಬೋರ್ಡು ಅನಿವಾರ್ಯವಾದದ್ದು ಪೇಟೆಯ ಈ ಕಟ್ಟು ಸಡಿಲವಾದ ಮೇಲೆ. ಒಂದೇ ಬೀದಿಯಲ್ಲಿ ಹತ್ತು ಬಗೆಯ ಅಂಗಡಿಗಳು ಬಂದು, ಗಿರಾಕಿಗಳು ಅಪರಿಚಿತರಾದಾಗ ಹೆಸರು ಬರೆಯಲೇಬೇಕಾಯಿತು.

ಬಣ್ಣದ ನಕ್ಷೆ

ಮೊದಲ ಪ್ರಶ್ನೆ ಜಾಗದ್ದು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ವಾಸಕ್ಕೆಂದೇ ಅಗಲವಾದ ರಸ್ತೆಗಳನ್ನು ಹಾಕಿ, ವ್ಯಾಪಾರವನ್ನು ಬೇರೆಯಾಗಿಡುವ ಆಲೋಚನೆ ಗಟ್ಟಿಯಾದದ್ದು ಆಗ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಈ ಆಲೋಚನೆಗೆ ಕಾನೂನಿನ ಬಲ ಕೊಟ್ಟಿತು. ಯೋಜನಾ ಪ್ರಾಧಿಕಾರ ನಕ್ಷೆ ಮಾಡಬೇಕು. ಇದು ವಸತಿ, ಇದು ವಾಣಿಜ್ಯ, ಇದು ಕೈಗಾರಿಕೆ, ಇದು ಕೃಷಿ ಎಂದು ಬಣ್ಣ ಹಾಕಿ ತೋರಿಸಬೇಕು. ಸಾಮಾನ್ಯವಾಗಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ.

ಇದಕ್ಕೂ ಬೋರ್ಡಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಮನೆಯ ಮುಂಭಾಗದ ಕೋಣೆಯಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ಬಟ್ಟೆ ಹೊಲಿದುಕೊಡುತ್ತಿದ್ದರೆ ನಕ್ಷೆಯ ಬಣ್ಣ ಯಾರ ನೆನಪಿಗೂ ಬರುವುದಿಲ್ಲ. ‘ಟೈಲರ್ಸ್’ ಎಂದು ಬೋರ್ಡು ಹಾಕಿದ ದಿನ ಆ ಮನೆ ಅಂಗಡಿಯಾಗುತ್ತದೆ. ಕರೆಂಟಿನ ದರ, ಕಂದಾಯದ ದರ, ಲೈಸೆನ್ಸಿನ ಅಗತ್ಯ ಎಲ್ಲವೂ ಆ ಬೋರ್ಡಿನ ಹಿಂದೆ ಸಾಲಾಗಿ ಬಂದು ನಿಲ್ಲುತ್ತವೆ. ಅಧಿಕಾರಿಯ ಕಣ್ಣಿಗೆ ಬೀಳುವುದು ಹೊಲಿಗೆ ಯಂತ್ರವಲ್ಲ, ಬೋರ್ಡು.

ನಗರದಂಚಿನ ಊರುಗಳಲ್ಲಿ ಇನ್ನೊಂದು ತೊಡಕಿದೆ. ಜಮೀನು ದಾಖಲೆಯಲ್ಲಿ ಕೃಷಿಭೂಮಿಯಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ ಆಗಬೇಕು. ಜನ ಇದನ್ನು ‘ಡಿ.ಸಿ. ಕನ್ವರ್ಷನ್’ ಎನ್ನುತ್ತಾರೆ. ಮನೆಗೆಂದು ಪರಿವರ್ತನೆಯಾದ ಜಾಗದಲ್ಲಿ ಅಂಗಡಿ ಕಟ್ಟಿದರೆ ಅದೂ ಪ್ರಶ್ನೆಗೆ ಒಳಪಡುತ್ತದೆ. ಬಾಡಿಗೆಗೆ ಅಂಗಡಿ ಹಿಡಿಯುವವರಿಗೆ ಕಟ್ಟಡದ ಮಾಲೀಕರು ಈ ಕಾಗದಗಳನ್ನು ತೋರಿಸುವುದು ಅಪರೂಪ. ಆದರೆ ನೋಟಿಸು ಬಂದಾಗ ಬಾಗಿಲಲ್ಲಿ ಸಿಗುವುದು ಬಾಡಿಗೆದಾರ. ಅಡ್ವಾನ್ಸ್ ಕೊಡುವ ಮೊದಲು ಖಾತೆ ಯಾವುದು, ಪರಿವರ್ತನೆ ಯಾವ ಉದ್ದೇಶಕ್ಕೆ ಆಗಿದೆ ಎಂದು ಕೇಳುವುದು ಅವಿಶ್ವಾಸವಲ್ಲ, ಎಚ್ಚರಿಕೆ.

ಹೆಸರು ಬೇರೆ, ಜಾಹೀರಾತು ಬೇರೆ

ಎರಡನೆಯ ಪ್ರಶ್ನೆಯೇ ಈ ವಿಷಯದ ಹೃದಯ. ಬೇಕರಿಯ ಮೇಲೆ ಬೇಕರಿಯ ಹೆಸರಿದ್ದರೆ ಅದು ನಾಮಫಲಕ. ಅದೇ ಬೇಕರಿಯ ಮಾಳಿಗೆಯ ಮೇಲೆ ಎಲ್ಲೋ ಇರುವ ಚಿನ್ನದ ಅಂಗಡಿಯ ದೊಡ್ಡ ಚಿತ್ರವಿದ್ದರೆ ಅದು ಜಾಹೀರಾತು. ಮೊದಲನೆಯದು ಗಿರಾಕಿಗೆ ದಾರಿ ತೋರಿಸುತ್ತದೆ. ಎರಡನೆಯದು ದಾರಿಹೋಕರ ಕಣ್ಣನ್ನು ಬಾಡಿಗೆಗೆ ಕೊಡುತ್ತದೆ.

1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಈ ಭೇದವನ್ನು ಗುರುತಿಸಿತ್ತು. ಕಮಿಷನರ್ ಅವರ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಪ್ರದರ್ಶಿಸುವಂತಿಲ್ಲ, ಅದಕ್ಕೆ ತೆರಿಗೆ ಕೊಡಬೇಕು ಎಂದು ಹೇಳಿದ ಕಾಯ್ದೆಯೇ, ಆ ಕಟ್ಟಡದೊಳಗೆ ನಡೆಯುವ ವ್ಯಾಪಾರಕ್ಕೆ ಸಂಬಂಧಿಸಿದ ಫಲಕಕ್ಕೆ ವಿನಾಯಿತಿ ಕೊಟ್ಟಿತು. ಹಳ್ಳಿಗಳಿಗೆ ಅನ್ವಯಿಸುವ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಜಾಹೀರಾತು ಮತ್ತು ಹೋರ್ಡಿಂಗ್‌ಗಳ ಮೇಲೆ ತೆರಿಗೆ ಹಾಕುವ ಅವಕಾಶವನ್ನು ಗ್ರಾಮ ಪಂಚಾಯಿತಿಗಳಿಗೆ ಕಲ್ಪಿಸಲಾಗಿತ್ತು.

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಚಿತ್ರ ಬದಲಾಯಿತು. ಸಂವಿಧಾನದ 101ನೇ ತಿದ್ದುಪಡಿಯು ರಾಜ್ಯಪಟ್ಟಿಯಲ್ಲಿದ್ದ ಜಾಹೀರಾತು ತೆರಿಗೆಯ ಬಾಬನ್ನೇ ತೆಗೆದುಹಾಕಿತು. ಸ್ಥಳೀಯ ಸಂಸ್ಥೆಗಳಿಗೆ ತೆರಿಗೆಯ ದಾರಿ ಮುಚ್ಚಿದ ಮೇಲೆ ಉಳಿದದ್ದು ಲೈಸೆನ್ಸ್ ಶುಲ್ಕ, ನೆಲಬಾಡಿಗೆ ಮುಂತಾದ ದಾರಿಗಳು. ತೆರಿಗೆ ಯಾವುದು, ಶುಲ್ಕ ಯಾವುದು ಎಂಬ ಜಗಳ ನ್ಯಾಯಾಲಯಗಳಿಗೆ ಹೋಯಿತು.

ಸಣ್ಣ ವ್ಯಾಪಾರಿಗೆ ಈ ಜಗಳದಲ್ಲಿ ಆಸಕ್ತಿಯಿಲ್ಲದಿರಬಹುದು. ಅವರು ನೆನಪಿಡಬೇಕಾದ ಮಾತು ಒಂದೇ: ಸ್ವಂತ ಅಂಗಡಿಯ ಹೆಸರು ಬರೆಯುವುದು ಒಂದು, ಕಂಪನಿಯ ಸರಕನ್ನು ಸಾರುವುದು ಇನ್ನೊಂದು. ತಂಪು ಪಾನೀಯ, ಸಿಮೆಂಟು, ಮೊಬೈಲ್ ಕಂಪನಿಗಳು ಪುಕ್ಕಟೆಯಾಗಿ ಬೋರ್ಡು ಮಾಡಿಸಿಕೊಡುತ್ತವೆ. ಮುಕ್ಕಾಲು ಭಾಗ ಕಂಪನಿಯ ಚಿತ್ರ, ಮೂಲೆಯಲ್ಲಿ ಅಂಗಡಿಯ ಹೆಸರು. ಪುಕ್ಕಟೆ ಎನ್ನುವ ಆ ಬೋರ್ಡು ನಾಮಫಲಕವೋ ಜಾಹೀರಾತೋ ಎಂಬ ಪ್ರಶ್ನೆ ಎದ್ದಾಗ ಉತ್ತರ ಹೇಳಲು ಕಂಪನಿಯವರು ಬರುವುದಿಲ್ಲ.

ತಲೆಯ ಮೇಲಿನ ಭಾರ

ಮೂರನೆಯದು ಸುರಕ್ಷತೆ. ಲಂಡನ್ನಿನಲ್ಲಿ ಒಂದು ಕಾಲಕ್ಕೆ ಅಂಗಡಿಗಳ ಮುಂದೆ ಕಬ್ಬಿಣದ ತೋಳುಗಳಿಗೆ ಭಾರಿ ಫಲಕಗಳನ್ನು ನೇತುಹಾಕುತ್ತಿದ್ದರು. ಒಬ್ಬನಿಗಿಂತ ಇನ್ನೊಬ್ಬನ ಫಲಕ ಮುಂದಕ್ಕೆ ಚಾಚಿ, ಬೀದಿಗೆ ಬೆಳಕೇ ಬಾರದಂತಾಗಿತ್ತು. 1718ರಲ್ಲಿ ಬ್ರೈಡ್ ಲೇನ್ ಎಂಬ ಬೀದಿಯಲ್ಲಿ ಅಂಥದೊಂದು ಫಲಕ ಗೋಡೆಯನ್ನೂ ಎಳೆದುಕೊಂಡು ಬಿದ್ದು ನಾಲ್ವರು ಸತ್ತರು. 1762ರಲ್ಲಿ ವೆಸ್ಟ್‌ಮಿನ್‌ಸ್ಟರ್ ಪ್ರದೇಶಕ್ಕೆ ಬಂದ ಕಾಯ್ದೆ ನೇತಾಡುವ ಫಲಕಗಳನ್ನು ತೆಗೆಸಿತು. ಫಲಕ ಗೋಡೆಗೆ ಒತ್ತಿಕೊಂಡಿರಬೇಕೆಂಬ ಪದ್ಧತಿ ಬಂತು. ನಾಲ್ಕು ಜೀವ ಹೋಗಿ 44 ವರ್ಷಗಳಾದ ಮೇಲೆ ಬಂದ ಬುದ್ಧಿ ಅದು.

ಭಾರತ ಆ ಪಾಠವನ್ನು ಇನ್ನೂ ಕಲಿಯುತ್ತಿದೆ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ಒಂದು ಹೋರ್ಡಿಂಗ್ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಸತ್ತರು. ಅಲ್ಲಿ ಅನುಮತಿಯ ಮಿತಿ 40 ಅಡಿಗೆ 40 ಅಡಿ. ಇದ್ದದ್ದು 120 ಅಡಿಗೆ 120 ಅಡಿ, ಅಂದರೆ ಮಿತಿಯ ಒಂಬತ್ತು ಪಟ್ಟು. ಜಾಗ ರೈಲ್ವೆ ಪೊಲೀಸರ ವಶದಲ್ಲಿತ್ತು. ತನ್ನ ಅನುಮತಿಯನ್ನೇ ಪಡೆದಿರಲಿಲ್ಲ ಎಂದು ಪಾಲಿಕೆ ಹೇಳಿತು. ಇಬ್ಬರು ಅಧಿಕಾರಿಗಳ ನಡುವಿನ ಖಾಲಿ ಜಾಗದಲ್ಲಿ ಅಷ್ಟು ದೊಡ್ಡ ಫಲಕ ಎದ್ದು ನಿಂತಿತ್ತು.

ಬೆಂಗಳೂರಿನಲ್ಲಿ 2018ರ ಆಗಸ್ಟ್ ತಿಂಗಳಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಪಾಲಿಕೆ ಫ್ಲೆಕ್ಸ್‌ಗಳನ್ನು ಲಾರಿಗಟ್ಟಲೆ ಕಿತ್ತಿತು. ಅನಧಿಕೃತ ಫಲಕಗಳ ವಿರುದ್ಧ ಕಾನೂನು ಆಗಲೇ ಬಂದದ್ದೇನೂ ಅಲ್ಲ. ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ 1981ರಷ್ಟು ಹಳೆಯದು. ಅದರಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಾನೂನು ದಿನವೂ ಕೆಲಸ ಮಾಡುತ್ತಿರಲಿಲ್ಲ, ಅಷ್ಟೆ. ಹಾಗೆ ಕೆಲಸ ಮಾಡದ ಕಾನೂನು ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಬಂದಾಗ ದೊಡ್ಡ ಕಂಬಗಳ ಜೊತೆಗೆ ಗೂಡಂಗಡಿಯ ತಗಡೂ ಲಾರಿ ಸೇರುವ ಸಂಭವವಿದೆ.

ಭಾಷೆಯ ಪಾಲು

ನಾಲ್ಕನೆಯದು ಭಾಷೆ, ಹೆಚ್ಚು ಬಿಸಿಯಾದ ವಿಷಯ. ಕರ್ನಾಟಕದಲ್ಲಿ ಅಂಗಡಿಗಳ ಕಾಯ್ದೆ ಬಂದದ್ದು 1961ರಲ್ಲಿ, ಅದರ ನಿಯಮಗಳು 1963ರಲ್ಲಿ. ಆ ನಿಯಮಗಳಿಗೆ ಮುಂದೆ ಸೇರಿಸಿದ 24-ಎ ನಿಯಮವು ನಾಮಫಲಕ ಕನ್ನಡದಲ್ಲಿರಬೇಕು, ಬೇರೆ ಭಾಷೆ ಬಳಸಿದರೆ ಅದು ಕನ್ನಡದ ಕೆಳಗಿರಬೇಕು ಎಂದಿತು. ಈ ನಿಯಮ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಯಿತು. ಆಮೇಲೆ ಬಂದದ್ದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022.

2023ರ ಡಿಸೆಂಬರ್ 27ರಂದು ಈ ಪ್ರಶ್ನೆ ಬಾಗಲೂರಿನ ನೆರೆಗೇ ಬಂತು. ವಿಮಾನ ನಿಲ್ದಾಣದ ರಸ್ತೆಯ ಸಾದಹಳ್ಳಿ ಟೋಲ್ ಗೇಟಿನ ಬಳಿಯಿಂದ ಕರ್ನಾಟಕ ರಕ್ಷಣಾ ವೇದಿಕೆಯ ಮೆರವಣಿಗೆ ಹೊರಟಿತು. ಆ ದಿನ ನಗರದ ಹಲವೆಡೆ ಇಂಗ್ಲಿಷ್ ಬೋರ್ಡುಗಳಿಗೆ ಮಸಿ ಬಿತ್ತು, ಕೆಲವು ಒಡೆದವು. ವೇದಿಕೆಯ ಅಧ್ಯಕ್ಷ ಟಿ.ಎ. ನಾರಾಯಣಗೌಡರ ಬಂಧನವಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸುಗ್ರೀವಾಜ್ಞೆಯ ಮಾತಾಡಿದರು. 2024ರ ಜನವರಿಯಲ್ಲಿ ಸಂಪುಟ ಅದನ್ನು ಒಪ್ಪಿತು. ವಿಧಾನಮಂಡಲದಲ್ಲೇ ತನ್ನಿ ಎಂದು ರಾಜ್ಯಪಾಲರು ಹಿಂದಿರುಗಿಸಿದರು. ಫೆಬ್ರುವರಿಯಲ್ಲಿ ವಿಧಾನಮಂಡಲ ಮಸೂದೆಯನ್ನು ಅಂಗೀಕರಿಸಿತು. ಅದರಂತೆ ಫಲಕದ ಶೇಕಡ 60 ಭಾಗ ಕನ್ನಡಕ್ಕೆ ಮೀಸಲು, ಅದೂ ಮೇಲ್ಭಾಗದಲ್ಲಿ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯ ಅನುಮತಿ ಪಡೆದು ನಡೆಯುವ ವ್ಯಾಪಾರಕ್ಕೆಲ್ಲ ಇದು ಅನ್ವಯ. ಆದ್ದರಿಂದ ಪಂಚಾಯಿತಿ ಲೈಸೆನ್ಸಿನ ಅಂಗಡಿಯೂ ಇದರ ಹೊರಗಿಲ್ಲ.

ಲೆಕ್ಕ ಸುಲಭ. 10 ಅಡಿ ಉದ್ದ, 3 ಅಡಿ ಎತ್ತರದ ಬೋರ್ಡಿನ ವಿಸ್ತಾರ 30 ಚದರ ಅಡಿ. ಅದರಲ್ಲಿ ಮೇಲಿನ 18 ಚದರ ಅಡಿ ಕನ್ನಡಕ್ಕೆ, ಉಳಿದ 12 ಚದರ ಅಡಿ ಬೇರೆ ಭಾಷೆಗೆ. ಅರವತ್ತು ಹೆಚ್ಚಾಯಿತೆನ್ನುವವರು ಕನ್ನಡ ಲಿಪಿಯ ಸ್ವಭಾವವನ್ನೂ ನೆನೆಯಬೇಕು. ಇಂಗ್ಲಿಷಿನ ದೊಡ್ಡ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಲಕ್ಷ್ಮೀ’ ಎಂದು ಬರೆಯಲು ಎಷ್ಟು ಎತ್ತರ ಬೇಕೆಂದು ಬೋರ್ಡು ಬರೆಯುವ ಯಾವ ಕಲಾವಿದರನ್ನು ಕೇಳಿದರೂ ಹೇಳುತ್ತಾರೆ. ಅದೇ ಎತ್ತರದ ಪಟ್ಟಿಯಲ್ಲಿ ಒತ್ತಕ್ಷರ ತುರುಕಿದರೆ ಹೆಸರು ಇದ್ದರೂ ಓದಲಾಗುವುದಿಲ್ಲ.

ಇದು ಕರ್ನಾಟಕದ ಹಟವೆಂದು ಹೇಳುವವರು ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ನೋಡಬಹುದು. 1977ರಲ್ಲಿ ಅಲ್ಲಿ ಬಂದ ಕಾನೂನು ಅಂಗಡಿ ಫಲಕಗಳಲ್ಲಿ ಫ್ರೆಂಚ್ ಮಾತ್ರ ಎಂದಿತು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಬೇರೆ ಭಾಷೆಯನ್ನು ಪೂರ್ತಿ ನಿಷೇಧಿಸುವಂತಿಲ್ಲ, ಆದರೆ ಫ್ರೆಂಚ್ ಎದ್ದುಕಾಣುವಂತೆ ಇರಬೇಕೆಂದು ಕೇಳಬಹುದು ಎಂಬ ಅಭಿಪ್ರಾಯಕ್ಕೆ ಬಂತು. 1993ರಲ್ಲಿ ಕಾನೂನು ಆ ದಾರಿಗೇ ಬಂತು. ನಾಡಿನ ಭಾಷೆಗೆ ಮೊದಲ ಮಣೆ, ಉಳಿದವಕ್ಕೆ ಜಾಗ: ಕರ್ನಾಟಕದ ನಿಯಮದ ತಿರುಳೂ ಇದೇ. ಇದನ್ನು ಒಪ್ಪುವುದು ಕಷ್ಟವಲ್ಲ. ಪ್ರಶ್ನೆಯಿರುವುದು ಜಾರಿಯ ರೀತಿಯಲ್ಲಿ. ನಿಯಮವನ್ನು ವರ್ಷಗಟ್ಟಲೆ ಕಡತದಲ್ಲಿ ಮಲಗಿಸಿ, ಆಮೇಲೆ ಕೆಲವು ವಾರಗಳ ಗಡುವು ಕೊಟ್ಟರೆ ದೊಡ್ಡ ಮಾಲ್‌ಗೆ ಅದು ಒಂದು ಖರ್ಚು. ಸಣ್ಣ ಅಂಗಡಿಗೆ ಒಂದು ಆಘಾತ. ಕಾನೂನು ಸುಮ್ಮನಿದ್ದ ಕಡೆ ಕಲ್ಲು ಮಾತಾಡುತ್ತದೆ ಎಂಬುದು ಆ ಡಿಸೆಂಬರ್ ದಿನದ ಪಾಠ.

ಗಡಿಗೆರೆಯ ಅಂಚಿನ ಊರು

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದಾಗ ಯಲಹಂಕ ಅದರ ಒಳಗಾಯಿತು. ಬಾಗಲೂರು ಗೆರೆಯ ಹೊರಗುಳಿದು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿ ಮುಂದುವರಿಯಿತು. ಗೆರೆಯ ಒಳಗಿದ್ದವರ ಪಾಡೂ ಸ್ಥಿರವೇನಲ್ಲ. 2021ರ ಜನವರಿಯವರೆಗೆ ಅವರಿಗೆ 1976ರ ಕಾಯ್ದೆ, ಆಮೇಲೆ ಬಿ.ಬಿ.ಎಂ.ಪಿ. ಕಾಯ್ದೆ, 2020, 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಐದು ವರ್ಷದೊಳಗೆ ಮೂರು ಪುಸ್ತಕ. ನಗರದ ಗೆರೆ ಸರಿಯುತ್ತಲೇ ಇರುತ್ತದೆ. ಅದು ಊರನ್ನು ದಾಟಿದ ದಿನ ಬೋರ್ಡು ಅದೇ ಇರುತ್ತದೆ, ನಿಯಮ ಬೇರೆಯಾಗಿರುತ್ತದೆ.

ಬ್ರೆಜಿಲ್ ದೇಶದ ಸಾವ್ ಪಾವ್ಲೊ ನಗರ ಈ ಗೊಂದಲಕ್ಕೆ ಕಂಡುಕೊಂಡ ದಾರಿ ಗಮನಾರ್ಹ. 2006ರಲ್ಲಿ ಒಪ್ಪಿ 2007ರ ಜನವರಿ 1ರಿಂದ ಜಾರಿಗೆ ತಂದ ‘ಸ್ವಚ್ಛ ನಗರ’ ಕಾನೂನು ಹೋರ್ಡಿಂಗ್‌ಗಳನ್ನು ಪೂರ್ತಿ ನಿಷೇಧಿಸಿತು. ಅಂಗಡಿಯ ಹೆಸರಿಗೆ ಮಾತ್ರ ಅವಕಾಶ. ಅದರ ಅಳತೆ ಅಂಗಡಿಯ ಮುಖದ ಅಗಲಕ್ಕೆ ತಕ್ಕಂತೆ: 10 ಮೀಟರಿಗಿಂತ ಕಡಿಮೆಯಿದ್ದರೆ ಒಂದೂವರೆ ಚದರ ಮೀಟರು, ಅದಕ್ಕಿಂತ ಹೆಚ್ಚು 100 ಮೀಟರಿನೊಳಗಿದ್ದರೆ ನಾಲ್ಕು. ಆ ಅಳತೆ ಬಾಗಲೂರಿಗೆ ಹೊಂದಬೇಕೆಂದಿಲ್ಲ. ಆದರೆ ಟೇಪು ಹಿಡಿಯಬಲ್ಲ ಯಾರೂ ಆ ನಿಯಮವನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಯಾರ ಮರ್ಜಿಯನ್ನೂ ಕಾಯಬೇಕಿಲ್ಲ. ಒಳ್ಳೆಯ ನಿಯಮದ ಗುಣ ಅದು.

ಅಂಥ ಒಂದು ಪುಟದ ನಿಯಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಇರಬೇಕೆಂದು ಕೇಳುವುದು ವರ್ತಕರ ಹಕ್ಕು. ಮಿತಿಯೊಳಗಿನ ನಾಮಫಲಕಕ್ಕೆ ಶುಲ್ಕವಿಲ್ಲ, ಹೋರ್ಡಿಂಗ್‌ಗೆ ಅನುಮತಿಯಿಲ್ಲದೆ ಕಂಬ ಎತ್ತುವಂತಿಲ್ಲ, ನಿಯಮ ಬದಲಾದರೆ ಬೋರ್ಡು ಬದಲಿಸಲು ಸಾಕಷ್ಟು ಕಾಲ ಎಂಬ ಮೂರು ಮಾತು ಅದರಲ್ಲಿದ್ದರೆ ಅರ್ಧ ತಕರಾರು ಮುಗಿಯುತ್ತದೆ. ವರ್ತಕರ ಕಡೆಯಿಂದಲೂ ಆಗಬೇಕಾದದ್ದಿದೆ. ಬೋರ್ಡು ಸ್ವಂತ ಗೋಡೆಯ ಗೆರೆ ದಾಟಿ ರಸ್ತೆಗೆ ಚಾಚದಿರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಮೊಳೆ, ನಟ್ಟು, ವೈರು ನೋಡಲಿ. ಕನ್ನಡದ ಹೆಸರು ದೊಡ್ಡದಾಗಿ, ತಪ್ಪಿಲ್ಲದೆ ಇರಲಿ. ಲೈಸೆನ್ಸಿನ ಪ್ರತಿ, ಖಾತೆಯ ಪ್ರತಿ ಗಲ್ಲಾಪೆಟ್ಟಿಗೆಯಲ್ಲಿ ಕೈಗೆ ಸಿಗುವಂತಿರಲಿ.

ಬೋರ್ಡು ಅಂಗಡಿಯವರ ಸ್ವತ್ತು. ಅದರ ಮುಂದಿನ ಬೀದಿ ಎಲ್ಲರ ಸ್ವತ್ತು. ಆ ಎರಡರ ನಡುವೆ ಒಂದು ತೆಳುವಾದ ಜಾಗವಿದೆ. ನಿಯಮ ಇರಬೇಕಾದ್ದು ಅಲ್ಲಿ. ಅದು ಮೊದಲೇ ಗೊತ್ತಿರುವ, ಎಲ್ಲರಿಗೂ ಒಂದೇ ಆದ ನಿಯಮವಾಗಿದ್ದರೆ ಅಂಗಡಿಯ ಹೆಸರು ಬರೆಯುವಾಗ ಯಾರೂ ಹೆದರಬೇಕಿಲ್ಲ.